ಆಳದ ತಾಟೆಯ ಬೋಟು ಬೇಡ ಮಗಾ

ಪ್ರೀತಿಯ ದಿನೇಶನಿಗೆ,

ಆಳದ ತಾಟೆ ಹಿಡಿಯುವ ಕೊಚ್ಚಿಯ ಗಾಳದ ಬೋಟಿಗೆ ಪಾಲು ಹಾಕುವ ಯೋಚನೆಯಲ್ಲಿದ್ದೀಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಈ ಸಲ ಮಲ್ಪೆಯಲ್ಲಿ ಡೀಸೆಲಿನ ದುಡ್ಡೂ ಹುಟ್ಟಲಿಲ್ಲ, ಬೂತಾಯಿ ಬಂಗುಡೆ ಎರಡೂ ಕೈಕೊಟ್ಟವು, ಮೇಲಿಂದ ಸಾಲ. ಎಲ್ಲ ಗೊತ್ತು ಮಗಾ. ಆದರೂ ಆ ಬೋಟು ಬೇಡ.

ಅಲ್ಲಿನ ತೋಪ್ಪುಂಪಡಿ ಬಂದರಿನಲ್ಲಿ ಆ ತಾಟೆಗಳನ್ನು ಕೈಯಾರೆ ಮುಟ್ಟಿ ನೋಡಿದ್ದೇನೆ. ಗಲ್ಪರ್ ಶಾರ್ಕ್ ಎನ್ನುತ್ತಾರೆ. ಕಂದು ಬೂದು ಮೈ, ಬೆನ್ನಿನ ಎರಡು ರೆಕ್ಕೆಗಳ ಮುಂದೆ ಒಂದೊಂದು ಮುಳ್ಳು, ಸತ್ತ ಮೇಲೂ ಹಸಿರಾಗಿ ಹೊಳೆಯುವ ದೊಡ್ಡ ಕಣ್ಣು. ಹೊಟ್ಟೆ ಸೀಳಿದರೆ ಒಳಗೆಲ್ಲ ಲಿವರೇ. ತಾಟೆಗೆ ಗಾಳಿಚೀಲ ಇಲ್ಲವಲ್ಲ, ಆ ಲಿವರಿನ ಎಣ್ಣೆಯೇ ಅದನ್ನು ಕತ್ತಲ ನೀರಿನಲ್ಲಿ ಮುಳುಗದಂತೆ ಹಿಡಿದಿರುತ್ತದೆ. ಅದರಲ್ಲಿರುವ ಸ್ಕ್ವಾಲೀನ್ ಮುಖದ ಕ್ರೀಮಿಗೆ, ಕ್ಯಾಪ್ಸೂಲಿಗೆ ಹೋಗುತ್ತದೆ. ಒಂದರ ಹೊಟ್ಟೆಯಲ್ಲಿ ಗೇಣುದ್ದದ ಮರಿಯಿತ್ತು, ಎದೆಯ ಕೆಳಗೆ ಹಳದಿ ಚೀಲ ಇನ್ನೂ ಜೋತಾಡುತ್ತಿತ್ತು. ಒಂದೇ ಒಂದು ಮರಿ.

ಬೂತಾಯಿ ವರ್ಷ ತುಂಬುವುದರೊಳಗೆ ಸಾವಿರಾರು ಮೊಟ್ಟೆ ಇಡುತ್ತದೆ. ಕಡಲು ಕೂಡಿಬಂದರೆ ಮತ್ತೆ ಬಲೆ ತುಂಬೀತು. ಈ ತಾಟೆ ಮೈನೆರೆಯಲಿಕ್ಕೇ ಹತ್ತಾರು ವರ್ಷ, ಬಸಿರು ಎರಡು ವರ್ಷದಷ್ಟು, ಹೆತ್ತರೆ ಒಂದೋ ಎರಡೋ. ಮಾಲ್ಡೀವ್ಸಿನವರು 1980ರ ಸುಮಾರಿಗೆ ಇದರ ಎಣ್ಣೆಗೆ ಇಳಿದರು. ಮೊದಲ ಕೆಲವು ವರ್ಷ ಭರ್ಜರಿ, ಎರಡು ದಶಕ ಕಳೆಯುವಷ್ಟರಲ್ಲಿ ಮೀನೇ ಇಲ್ಲ. 2010ರಲ್ಲಿ ಅಲ್ಲಿ ಶಾರ್ಕ್ ಹಿಡಿಯುವುದನ್ನೇ ನಿಷೇಧಿಸಿದರು.

ಸಣ್ಣವನ್ನು ಬಿಟ್ಟುಬಿಡುತ್ತೇವೆ ಎಂದೆಯಂತೆ. ನೂರಾರು ಮೀಟರ್ ಆಳದಿಂದ ಎಳೆದು ತಂದದ್ದು ಹೆಚ್ಚಾಗಿ ಬದುಕುವುದಿಲ್ಲ, ದಿನೇಶ. ಅರಬ್ಬಿ ಸಮುದ್ರದ ನಡು ಆಳದಲ್ಲಿ ಮೊದಲೇ ಆಮ್ಲಜನಕ ಕಡಿಮೆ, ನೀರು ಬಿಸಿಯಾದಷ್ಟೂ ಇನ್ನೂ ಇಳಿಯುತ್ತದೆ. ಅವಕ್ಕೆ ಇನ್ನೆಲ್ಲಿ ಜಾಗ? 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಳಸಮುದ್ರದ 521 ಜಾತಿಯ ಶಾರ್ಕ್, ತೊರಕೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಏಳರಲ್ಲಿ ಒಂದು ಜಾತಿ ಅಳಿವಿನಂಚಿನತ್ತ ಸಾಗಿದೆ.

ವ್ಯಾಪಾರವೆಂದೇ ನೋಡಿದರೂ ಇದು ನಿಲ್ಲುವ ಕಸುಬಲ್ಲ. 2025ರ ಕೊನೆಗೆ ಸಮರ್ಕಂದದಲ್ಲಿ ನಡೆದ, ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಸಭೆ ಗಲ್ಪರ್ ಜಾತಿಗಳನ್ನು ಎರಡನೇ ಪಟ್ಟಿಗೆ ಸೇರಿಸಿತು. ಅದು ಜಾರಿಯಾದ ಮೇಲೆ ಆ ಎಣ್ಣೆ ದೇಶ ದಾಟಬೇಕಾದರೆ, ಹಿಡಿದದ್ದರಿಂದ ಸಂತತಿಗೆ ಕುತ್ತಿಲ್ಲವೆಂದು ಸರ್ಕಾರ ಒಪ್ಪಿ ಪರವಾನಗಿ ಕೊಡಬೇಕು. ಅತ್ತ ಆಲಿವ್‌ನಿಂದ, ಕಬ್ಬಿನ ಸಕ್ಕರೆಯಿಂದ ಅದೇ ಕೆಲಸದ ಎಣ್ಣೆ ತಯಾರಾಗುತ್ತಿದೆ. ಕ್ರೀಮಿಗೆ ಅದು ಧಾರಾಳ ಸಾಕು.

ನಾವು ಬಿಟ್ಟರೆ ಬೇರೆಯವರು ಹಿಡಿಯುತ್ತಾರೆ ಎನ್ನಬೇಡ. ಬೇರೆಯವರಿಗೆ ನಾನು ಹೇಳಲಾರೆ, ನಿನಗೆ ಹೇಳಬಲ್ಲೆ.

ಬ್ಯಾಂಕಿನ ಕಂತಿಗೆ ನನ್ನ ಎರಡು ಬಳೆ ಇವೆ, ನಾಚಿಕೊಳ್ಳಬೇಡ. ಮಳೆಗಾಲ ಕಳೆದ ಮೇಲೆ ಬೊಂಡಾಸ್ ಹಿಡಿಯಲು ಹೋಗುವ ವಿಚಾರ ಮಾವನ ಹತ್ತಿರ ಮಾತಾಡಿಟ್ಟಿದ್ದೇನೆ. ಕೊಚ್ಚಿಯವರಿಗೆ ಮುಂಗಡ ಕೊಡುವ ಮೊದಲು ಒಮ್ಮೆ ಫೋನ್ ಮಾಡು.

ನಿನ್ನ
ಚಿಕ್ಕಮ್ಮ