ನೆಟ್‌ವರ್ಕ್ ಕಲ್ಲು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಜಾಗದಲ್ಲಿ, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಪಕ್ಕದಲ್ಲಿ ನಿಂತರೆ ಒಂದು ಗೆರೆ, ಮೇಲೆ ಹತ್ತಿದರೆ ಎರಡು, ಹತ್ತಿ ಬಾಳೆಗಿಡದ ಕಡೆ ಮುಖ ಮಾಡಿದರೆ ವಿಡಿಯೊ. ಎಂಬತ್ತೊಂದರ ಅಮ್ಮ ದಿನಾ ಸಂಜೆ ಐದಕ್ಕೆ, ಕೊಟ್ಟಿಗೆಗೆ ಹೋಗುವ ಮೊದಲು, ಆ ಕಲ್ಲು ಹತ್ತುತ್ತಾಳೆ. ಅಕ್ಕಪಕ್ಕದವರು ಅದಕ್ಕೆ ನೆಟ್‌ವರ್ಕ್ ಕಲ್ಲು ಎಂದೇ ಹೆಸರಿಟ್ಟಿದ್ದಾರೆ. ವಾಷಿಂಗ್ ಮಷಿನ್ ಬಂದ ಮೇಲೆ ಕಲ್ಲಿಗೂ ಬೇರೆ ಉದ್ಯೋಗ ಬೇಕಿತ್ತು ಅನ್ನಿ.

ಇಂಥ ಊರಿನವನಾದ ನಾನು ಎರಡು ತಿಂಗಳ ಮಟ್ಟಿಗೆ ಮಗನಿರುವ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೊರಟಾಗ ಒಂದು ಪ್ರತಿಜ್ಞೆ ಮಾಡಿದೆ. ಅಲ್ಲಾದರೂ ಸಿಗ್ನಲ್ ಹುಡುಕಿಕೊಂಡು ಅಲೆಯಬಾರದು. ಹಾಗಾಗಿ ಮಗನನ್ನೂ ಕೇಳದೆ, ಯಾವುದೋ ಕಂಪನಿಯಿಂದ ಆನ್‌ಲೈನಿನಲ್ಲಿ ‘ಯುರೋಪ್, 10 ಜಿಬಿ, 60 ದಿನ’ ಎಂಬ ಇ-ಸಿಮ್ ಕೊಂಡೆ. ಸಿಮ್ಮು ಅಂತ ಬಂದದ್ದು ಒಂದು ಕಪ್ಪು-ಬಿಳಿ ಚೌಕದ ಚಿತ್ರ. “ಕಣ್ಣಿಗೆ ಕಾಣದೆ ಇರೋದಕ್ಕೆ ದುಡ್ಡು ಕೊಟ್ರಾ?” ಎಂದಳು ನನ್ನ ಹೆಂಡತಿ.

ಬಾಸೆಲ್‌ನಲ್ಲಿ ಮನೆಯೊಳಗೆ ವೈಫೈ ಸೊಗಸಾಗಿತ್ತು. ಹೊಸ್ತಿಲು ದಾಟಿದರೆ ಫೋನು ಮೂಕ. ಮಗ ಇಸಿದುಕೊಂಡು ನೋಡಿದ.

“ಅಪ್ಪ, ಇದರಲ್ಲಿ ಸ್ವಿಟ್ಜರ್ಲೆಂಡೇ ಇಲ್ಲ.”

“ಯುರೋಪ್ ಅಂತ ಬರೆದಿದೆಯಲ್ಲೋ.”

“ಬರೆದಿದೆ. ಕೆಳಗೆ ದೇಶಗಳ ಪಟ್ಟಿನೂ ಇದೆ. ನೀನು ಓದಿಲ್ಲ.”

ವಿಷಯ ಇಷ್ಟು. ಐರೋಪ್ಯ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ರೋಮಿಂಗಿಗೆಂದು ಹೆಚ್ಚಿನ ದರ ಹಾಕುವುದನ್ನು ನಿಲ್ಲಿಸಿದರು. ಗ್ರೀಸಿನ ಸಿಮ್ಮು ಫಿನ್ಲೆಂಡಿಗೆ ಪ್ರವಾಸ ಹೋದರೂ ಮನೆಯ ದರದಲ್ಲೇ ಮಾತಾಡಬಹುದು. ಆದರೆ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಒಟ್ಟು ಕುಟುಂಬದ ನಡುಮನೆಯಲ್ಲೇ ಬೇರೆ ಒಲೆ ಹೂಡಿಕೊಂಡು ಕೂತ ಚಿಕ್ಕಪ್ಪನ ಹಾಗೆ, ಸುತ್ತ ಎಲ್ಲರೂ ಇದ್ದಾರೆ, ಪಂಕ್ತಿ ಮಾತ್ರ ಬೇರೆ. ಕೆಲವು ಪ್ಯಾಕುಗಳು ಅವನನ್ನೂ ಊಟಕ್ಕೆ ಕರೆಯುತ್ತವೆ. ನನ್ನದು ಕರೆದಿರಲಿಲ್ಲ.

ಊರಿನ ಸಿಮ್ಮು ಫೋನಿನಲ್ಲೇ ಇತ್ತು. ಬ್ಯಾಂಕಿನ ಒಟಿಪಿ ಬರುವುದು ಆ ನಂಬರಿಗೆ, ತೆಗೆಯುವಂತಿಲ್ಲ. ದೇವರ ಗೂಡಿನ ದೀಪದ ಹಾಗೆ, ಉರಿಸಿದರೂ ಬಿಟ್ಟರೂ ಅದು ಅಲ್ಲೇ ಇರಬೇಕು. ಅದಕ್ಕೆ ಹತ್ತು ದಿನದ ರೋಮಿಂಗ್ ಪ್ಯಾಕು ಹಾಕಿಸಿದೆವು. ಆಗ ಇನ್ನೊಂದು ಸಂಗತಿ ಗೊತ್ತಾಯಿತು. ಟ್ರಾಮ್ ಎಷ್ಟು ಹೊತ್ತಿಗೆ ಎಂದು ಹುಡುಕಿದರೆ ಜಾಹೀರಾತೆಲ್ಲ ಬೆಂಗಳೂರಿನ ಫ್ಲ್ಯಾಟುಗಳದ್ದು. ಇದೇನೋ ಎಂದರೆ ಮಗ ವಿವರಿಸಿದ. ರೋಮಿಂಗಿನಲ್ಲಿ ಟವರ್ ಮಾತ್ರ ಇಲ್ಲಿಯದು. ನಾವು ಕೇಳಿದ್ದು ಸಾಮಾನ್ಯವಾಗಿ ಮೊದಲು ನಮ್ಮ ದೇಶದ ಕಂಪನಿಗೆ ಹೋಗಿ, ಅಲ್ಲಿಂದ ಇಂಟರ್ನೆಟ್ಟಿಗೆ ಇಳಿದು, ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಅಂದರೆ ಕಣ್ಣೆದುರಿನ ಬೀದಿಯ ಟ್ರಾಮನ್ನು ಕೇಳಲು ನನ್ನ ಪ್ರಶ್ನೆ ಆರು ಸಾವಿರ ಚಿಲ್ಲರೆ ಕಿಲೋಮೀಟರ್ ಊರ ಕಡೆ ಹೋಗಿ, ಅಷ್ಟೇ ದೂರ ಹಿಂದಿರುಗಬೇಕು. ಅಷ್ಟರಲ್ಲಿ ಟ್ರಾಮು ಹೋಗಿರುತ್ತಿತ್ತು. ನನಗೆ ಮಾತ್ರ ಆ ಫೋನಿನ ಮೇಲೆ ಅಕ್ಕರೆ ಹುಟ್ಟಿತು. ನಾನೂ ಹಾಗೇ ಅಲ್ಲವೆ? ಇಲ್ಲಿ ಮೋಡ ಕಂಡರೆ ಅಡಿಕೆಗೆ ಔಷಧಿ ಹೊಡೆದಾಯಿತೋ ಇಲ್ಲವೋ ಎಂದು ಒಂದು ಸಲ ಹೋಗಿ ಬಂದೇ ಛತ್ರಿ ಬಿಚ್ಚುವವನು.

ಹತ್ತು ದಿನ ಮುಗಿಯಿತು. ಹೊಸ ಪ್ಯಾಕಿನ ಬೆಲೆ ರೂಪಾಯಿಗೆ ಲೆಕ್ಕ ಹಾಕಿ ಕೈಬಿಟ್ಟೆ. ಹಾಗಿರುವಾಗ ಒಂದು ಮಧ್ಯಾಹ್ನ ಸುಮ್ಮನೆ 3ನೇ ನಂಬರಿನ ಟ್ರಾಮಿನಲ್ಲಿ ಕೂತಿದ್ದೆ. ಸತ್ತಂತಿದ್ದ ಇ-ಸಿಮ್ಮು ಜೇಬಿನಲ್ಲಿ ಒಮ್ಮೆಲೇ ಗುಂಯ್‌ಗುಡತೊಡಗಿತು. ಮೂವತ್ತೇಳು ಶುಭೋದಯ, ಒಂದು ನಾಮಕರಣ, ಯಾರದೋ ಕಳೆದುಹೋದ ಎಮ್ಮೆಯ ಫೋಟೊ. ಹೊರಗೆ ನೋಡಿದರೆ ಬೋರ್ಡುಗಳೆಲ್ಲ ಫ್ರೆಂಚ್.

ಬಾಸೆಲ್ ಮೂರು ದೇಶಗಳು ಮೂಗು ತಾಗಿಸಿಕೊಂಡಿರುವ ಊರು. 8ನೇ ನಂಬರಿನ ಟ್ರಾಮು 2014ರಿಂದ ಜರ್ಮನಿಯ ವೈಲ್ ಆಮ್ ರೈನ್‌ಗೆ ಹೋಗುತ್ತದೆ. 3ನೇ ನಂಬರಿನದು 2017ರ ಡಿಸೆಂಬರಿನಿಂದ ಫ್ರಾನ್ಸಿನ ಸೇಂಟ್ ಲೂಯಿ ರೈಲು ನಿಲ್ದಾಣದವರೆಗೆ. ಗಡಿ ದಾಟಿದ್ದು ಟ್ರಾಮಿಗೂ ಗೊತ್ತಾಗುವುದಿಲ್ಲ, ಪ್ರಯಾಣಿಕರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಸಿಮ್ಮಿಗೆ.

ಕೊಟ್ಟ ದುಡ್ಡು ವಸೂಲಾಗಬೇಕಲ್ಲ. ಬೇಸಿಗೆಯಲ್ಲಿ ನಮ್ಮ ಗಡಿಯಾರ ಇಲ್ಲಿಗಿಂತ ಮೂರೂವರೆ ಗಂಟೆ ಮುಂದು. ಅಮ್ಮನ ಕಲ್ಲಿನ ಐದು ಗಂಟೆ ಎಂದರೆ ಇಲ್ಲಿ ಒಂದೂವರೆ. ಊಟ ಮುಗಿಸಿ, ಕೈ ತೊಳೆದು, ದಿನಾ ನಾನು ಫ್ರಾನ್ಸಿಗೆ ಹೋಗತೊಡಗಿದೆ. “ಟ್ರಾಮಿಗೆ ಕೊಡೋ ದುಡ್ಡಲ್ಲಿ ಇಲ್ಲೇ ಒಂದು ಸಿಮ್ ಬರ್ತಿತ್ತು” ಎಂದ ಮಗ. ಗಣಿತ ಅವನದೇ ಸರಿ. ಆದರೆ ಅಲ್ಲಿ ಅಮ್ಮ ಊರುಗೋಲು ಹಿಡಿದು ಹಿತ್ತಿಲಿಗೆ ಹೊರಡುವಾಗ ಇಲ್ಲಿ ನಾನೂ ಚಪ್ಪಲಿ ಮೆಟ್ಟಿ ಹೊರಡುವುದರಲ್ಲಿ ಏನೋ ಒಂದು ನ್ಯಾಯ ಕಾಣುತ್ತಿತ್ತು. ಸೋಫಾದ ಮೇಲೆ ಕಾಲು ಚಾಚಿಕೊಂಡು, ಕಲ್ಲಿನ ಮೇಲೆ ನಿಂತವಳ ಹತ್ತಿರ ಮಾತಾಡುವುದು ಹೇಗೆ?

ಸೇಂಟ್ ಲೂಯಿಯ ನಿಲ್ದಾಣದ ಬೆಂಚಿನಲ್ಲಿ ನನಗಿಂತ ಮೊದಲೇ ಒಬ್ಬ ಮುದುಕ ಕೂತಿರುತ್ತಿದ್ದ. ಅರಬ್ಬಿಯಲ್ಲಿರಬೇಕು, ಫೋನನ್ನು ಬಾಯಿಯ ಎದುರು ಅಂಗೈಯಲ್ಲಿ ಚಪ್ಪಟೆಯಾಗಿ ಹಿಡಿದು ಜೋರಾಗಿ ಕೂಗುತ್ತಿದ್ದ. ದೂರಕ್ಕೆ ತಕ್ಕ ದನಿ ಎನ್ನುವುದು ಅವನದೂ ನಮ್ಮ ಅಮ್ಮನದೂ ಒಂದೇ ಶಾಸ್ತ್ರ.

ಜೂನ್ ನಡುವಿನಲ್ಲಿ ಮಲೆನಾಡಿಗೆ ಮಳೆ ಹಿಡಿಯಿತು. ಒಂದು ದಿನ ಕರೆ ಹೋಗಲಿಲ್ಲ. ಕಳಿಸಿದ ಮೆಸೇಜಿಗೆ ಒಂದೇ ಟಿಕ್ಕು. ಮರುದಿನವೂ ಒಂದೇ. ಕರೆಂಟು ಹೋಗಿರುತ್ತದೆ, ಅದರ ಹಿಂದೆ ಟವರ್ರೂ ಮಲಗಿರುತ್ತದೆ, ಪ್ರತಿ ವರ್ಷದ ಕತೆ ಎಂದು ಗೊತ್ತು. ಗೊತ್ತಿದ್ದರೂ ಎದೆ ಕೇಳಬೇಕಲ್ಲ. ಚಿಕ್ಕಪ್ಪ ಮಸ್ಕತ್ತಿನಲ್ಲಿದ್ದಾಗ ‘ಉಭಯಕುಶಲೋಪರಿ ಸಾಂಪ್ರತ’ ಎಂದು ಶುರುವಾಗುವ ಕಾಗದ ತಿಂಗಳಿಗೊಂದು ಬರುತ್ತಿತ್ತು. ತಡವಾದರೆ ಅಜ್ಜಿ ಅಂಚೆಯವನನ್ನು ಬೈದು ಸುಮ್ಮನಾಗುತ್ತಿದ್ದಳು. ನನಗೆ ಎರಡು ಸಂಜೆಗೇ ಊಟ ಸೇರಲಿಲ್ಲ.

ಮೂರನೆಯ ದಿನ, ಬಿಲ್ಲು ಬಂದರೆ ಬರಲಿ ಎಂದು ಊರಿನ ಸಿಮ್ಮಿನಿಂದಲೇ ಮಾಡಿದೆ. “ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ” ಎಂದಳು ಆ ಹೆಂಗಸು. ಎಷ್ಟು ವರ್ಷದಿಂದ ಬೈಸಿಕೊಂಡ ದನಿ ಅದು! ಫ್ರಾನ್ಸಿನ ಬೆಂಚಿನ ಮೇಲೆ ಅಷ್ಟು ಸ್ಪಷ್ಟವಾದ ಕನ್ನಡ ಕೇಳಿ ಇನ್ನೆರಡು ಸಲ ಮಾಡಿದೆ, ಸುಮ್ಮನೆ ಕೇಳಲಿಕ್ಕೆ. ಹೊರಗಿದ್ದದ್ದು ಚಂದಾದಾರಳಲ್ಲ ಎಂದು ಅವಳಿಗೆ ಹೇಳುವವರು ಯಾರು?

ಐದನೆಯ ದಿನ ಎರಡು ಟಿಕ್ಕು ಬಿತ್ತು. ಕೂಡಲೇ ಅಮ್ಮನದೇ ಕರೆ. ಪರದೆಯ ತುಂಬ ಕಪ್ಪು ಛತ್ರಿ, ಮೂಲೆಯಲ್ಲಿ ಅರ್ಧ ಹಣೆ.

“ಎಲ್ಲಿದ್ದೀಯಾ?” ಎಂದು ಕೂಗಿದಳು. ಮುದುಕ ತಿರುಗಿ ನೋಡಿದ.

“ಫ್ರಾನ್ಸಲ್ಲಿ.”

“ಅಲ್ಲಿಗ್ಯಾಕೆ ಹೋದೆ ಮಾರಾಯ? ಮಗನ ಹತ್ರ ಜಗಳ ಮಾಡ್ಕೊಂಡ್ಯಾ?”

“ಇಲ್ಲಮ್ಮ, ನಿಂಗೆ ಫೋನ್ ಮಾಡ್ಲಿಕ್ಕೆ ಬಂದೆ.”

ಛತ್ರಿಯ ಮೇಲೆ ಮಳೆ ಬೀಳುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು.

“ಯಾಕೆ, ಅವನ ಹಿತ್ತಿಲಲ್ಲಿ ಒಂದು ಕಲ್ಲಿಲ್ವಾ?”