ಪಟ್ಟಿ ಬಿಚ್ಚುವ ಹೊತ್ತು

ಮಲೆನಾಡಿನ ನಮ್ಮ ಊರಲ್ಲಿ ಕತ್ತಿ ತಾಗಿ ರಕ್ತ ಸುರಿದರೆ ಬೇಲಿಬದಿಯ ಕಮ್ಯುನಿಸ್ಟ್ ಗಿಡದ ಸೊಪ್ಪು ಜಜ್ಜಿ ಹಿಂಡುತ್ತಿದ್ದರು. ತರಚಿದ ಗಾಯಕ್ಕೆ ಅರಿಸಿನ, ಕೊಬ್ಬರಿ ಎಣ್ಣೆ. ಕೀವಾದರೆ ಮಾತ್ರ ಪೇಟೆಯ ಕಾಂಪೌಂಡರು. ಈಗ ಇದನ್ನೆಲ್ಲ ಪುರಾತನ ಜ್ಞಾನ ಎನ್ನುವವರಿದ್ದಾರೆ. ಕಮ್ಯುನಿಸ್ಟ್ ಗಿಡ ಅಮೆರಿಕ ಖಂಡದಿಂದ ಬಂದ ಕಳೆ. ನಮ್ಮ ಅಜ್ಜಿಯ ಅಜ್ಜಿ ಅದನ್ನು ಕಂಡಿರಲಿಕ್ಕಿಲ್ಲ.

ಮದ್ದಿಗಿಂತ ಚೆನ್ನಾಗಿ ನೆನಪಿರುವುದು ಪಟ್ಟಿ ಬಿಚ್ಚುವ ಹೊತ್ತು. ಹಳೆ ಪಂಚೆಯ ಚೂರು ರಕ್ತ, ಅರಿಸಿನದ ಜೊತೆ ಒಣಗಿ ಗಾಯಕ್ಕೆ ಕಚ್ಚಿಕೊಂಡಿರುತ್ತಿತ್ತು. ಅಮ್ಮ ಬಿಸಿನೀರು ಹಾಕಿ ನೆನೆಸಿ ಬಿಡಿಸುತ್ತಿದ್ದಳು. ಕಾಂಪೌಂಡರಿಗೆ ಅಷ್ಟು ಪುರುಸೊತ್ತೆಲ್ಲಿ, ಒಂದೇ ಸಲ ಎಳೆಯುತ್ತಿದ್ದರು. ಆಗಷ್ಟೇ ಬಂದ ಎಳೆಚರ್ಮವೂ ಜೊತೆಗೇ ಕಿತ್ತುಬರುತ್ತಿತ್ತು. 'ಗಾಯ ಒಣಗಲಿ' ಎಂಬುದೇ ಎಲ್ಲರ ಬಾಯಲ್ಲೂ. ತೇವ ಆರದಂತೆ ಮುಚ್ಚಿಟ್ಟ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡುತ್ತದೆಂದು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳಲ್ಲಿ ತೋರಿಸಿದ್ದರು. ಆ ಸುದ್ದಿ ನಮ್ಮ ಪೇಟೆ ಮುಟ್ಟಿರಲಿಲ್ಲ.

ಅರಿಸಿನಕ್ಕೆ ಜಗತ್ತಿನಲ್ಲಿ ಹೆಸರು ಬಂದದ್ದು ಜಗಳದಿಂದ. ಅದನ್ನು ಗಾಯಕ್ಕೆ ಬಳಸುವುದಕ್ಕೆ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. ನಮ್ಮ ದೇಶದ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ದಾಖಲೆಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದುಮಾಡಿಸಿತು. ನಾವು ಬೀಗಿದೆವು. ಗೆದ್ದದ್ದು ಮಾತ್ರ 'ಇದು ನಮಗೆ ಮೊದಲೇ ಗೊತ್ತಿತ್ತು' ಎಂಬ ವಾದ. ಎಷ್ಟು ಹಾಕಬೇಕು, ಎಷ್ಟು ಒಳಗಿಳಿಯುತ್ತದೆ ಎಂದು ಅಲ್ಲಿ ಯಾರೂ ಕೇಳಬೇಕಿರಲಿಲ್ಲ. ಅರಿಸಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಬೆಳಕಿಗೆ ಕೆಡುತ್ತದೆ ಬೇರೆ. ನಾವು ಮೆತ್ತಿದ್ದರಲ್ಲಿ ಬಹುಪಾಲು ಪಂಚೆಗೆ ಬಣ್ಣವಾಯಿತು, ಅಷ್ಟೇ.

ಮದ್ದನ್ನು ಪಟ್ಟಿಯೊಳಗೇ ಸೇರಿಸಿ, ಈಗಿನ ಸಂಶೋಧಕರು ಕೈಹಾಕಿರುವುದು ಈ ತೊಡಕಿಗೇ. ಪಾಲಿಮರ್ ದ್ರಾವಣಕ್ಕೆ ಕರ್ಕ್ಯುಮಿನ್ನೋ ಲೋಳೆಸರದ ಸಾರವೋ ಬೆರೆಸಿ ಸಿರಿಂಜಿಗೆ ತುಂಬುತ್ತಾರೆ. ಸೂಜಿಗೆ ಸಾವಿರಾರು ವೋಲ್ಟ್ ಕೊಟ್ಟಾಗ ತುದಿಯ ಹನಿ ಎಳೆಯಾಗಿ ಚಿಮ್ಮಿ, ದಾರಿಯಲ್ಲೇ ಒಣಗಿ, ಎದುರಿನ ತಗಡಿನ ಮೇಲೆ ಪದರಪದರವಾಗಿ ಕೂರುತ್ತದೆ. ಎಳೆಯ ದಪ್ಪ ಸಾಮಾನ್ಯವಾಗಿ ಕೆಲವು ನೂರು ನ್ಯಾನೊಮೀಟರ್. ತಲೆಗೂದಲಿನದು 80,000ದ ಆಸುಪಾಸು. ಇಂಥ ಹಾಸಿನಲ್ಲಿ ಗಾಳಿಯಾಡುತ್ತದೆ, ಬ್ಯಾಕ್ಟೀರಿಯ ನುಸುಳುವುದು ಕಷ್ಟ, ಮದ್ದು ಗಂಟೆಗಟ್ಟಲೆ, ಕೆಲವದರಲ್ಲಿ ದಿನಗಟ್ಟಲೆ, ಸ್ವಲ್ಪಸ್ವಲ್ಪವೇ ಗಾಯಕ್ಕೆ ಇಳಿಯುತ್ತದೆ. ಜೆಲಾಟಿನ್, ಕೈಟೋಸಾನ್, ನಮ್ಮ ರೇಷ್ಮೆಯ ಫೈಬ್ರಾಯಿನ್‌ನಿಂದಲೂ ಎಳೆ ತೆಗೆಯುತ್ತಾರೆ. ಕೆಲವು ಗಾಯದಲ್ಲೇ ಕರಗಿಹೋಗುತ್ತವೆ, ಕೀಳುವ ಮಾತೇ ಇಲ್ಲ. ಕಾಂಪೌಂಡರ ಕೈ ಕಂಡ ನನಗೆ ಮದ್ದಿಗಿಂತ ಇದೇ ದೊಡ್ಡದು.

ಆದರೆ ಗಿಡಮೂಲಿಕೆ ಸೇರಿಸಿದ ಇಂಥ ಪಟ್ಟಿಗಳ ಪರೀಕ್ಷೆ ಬಹುಮಟ್ಟಿಗೆ ಇಲಿಗಳ ಮೇಲೆ ನಡೆದದ್ದು. ಇಲಿಯ ಸಡಿಲ ಚರ್ಮ ಕುಗ್ಗಿ ಗಾಯವನ್ನು ಮುಚ್ಚಿಕೊಳ್ಳುತ್ತದೆ. ನಮ್ಮ ಗಾಯ ತಳದಿಂದ ಮಾಂಸ ತುಂಬಿ, ಅಂಚಿನಿಂದ ಚರ್ಮ ಹರಡಿ ಮಾಯಬೇಕು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಂತೂ, ರಕ್ತ ಸಂಚಾರವೂ ಸ್ಪರ್ಶವೂ ಕುಂದಿರುವುದರಿಂದ, ಇನ್ನೂ ಹಟಮಾರಿ. ಪೇಪರಿನಲ್ಲಿ ಅರಿಸಿನದ ನ್ಯಾನೊ ಪಟ್ಟಿಯ ಸುದ್ದಿ ಓದಿ ಅಡುಗೆಮನೆಯ ಪುಡಿಯನ್ನು ಅಂಥ ಹುಣ್ಣಿಗೆ ತುಂಬಬೇಡಿ. ಅದು ಚಿಕ್ಕದಿರುವಾಗಲೇ ಡಾಕ್ಟರಿಗೆ ತೋರಿಸಿ.