ವೀಥಿಪ್ರವೇಶಕ್ಕೆ ಮುನ್ನ

ಚೈತ್ರ ವೈಶಾಖಗಳು ಮದುವೆಯ ಮಾತಿಗೆ ಹೇಗೋ, ಆಷಾಢ ಶ್ರಾವಣಗಳು ಉದ್ಯೋಗದ ಮಾತಿಗೆ ಹಾಗೆ. ಕಾಲೇಜಿನ ಪರೀಕ್ಷೆಗಳು ಮುಗಿದು ಫಲಿತಾಂಶ ಬರುವ ಆ ದಿನಗಳಲ್ಲಿ ಮನೆಮನೆಯ ಜಗುಲಿಯ ಮೇಲೂ ಕೇಳಿಬರುವುದು ಒಂದೇ ಪ್ರಶ್ನೆ: “ಮುಂದೇನು?” ಕೇಳುವುದಕ್ಕೆ ಇದು ಚಿಕ್ಕ ಮಾತು. ಆದರೆ ಮೂರು ನಾಲ್ಕು ವರ್ಷಗಳ ಕಾಲ ಕಷ್ಟಪಟ್ಟು ಓದಿಸಿದ ತಂದೆಯ ಬಾಯಲ್ಲಿ ಈ ಮಾತು ಬಂದಾಗ, ಅದರೊಳಗೆ ಸಾಲದ ಕಂತು, ಕಿರಿಯ ಮಕ್ಕಳ ಓದು, ತನ್ನ ಮುಪ್ಪು, ಮಗುವಿನ ಮಾನ, ಇವೆಲ್ಲವೂ ಅಡಗಿರುತ್ತವೆ. ಹಿಂದೆ ಮೇಷ್ಟರಾಗಿದ್ದವನೆಂಬ ಕಾರಣದಿಂದ ಈ ಪ್ರಶ್ನೆ ನನ್ನ ಬಾಗಿಲಿಗೂ ಬರುವುದುಂಟು. ಆದುದರಿಂದ ಇದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಬಯಸುತ್ತೇನೆ.

ಹಿಂದಿನ ಕಾಲದಲ್ಲಿ ಇದಕ್ಕೆ ಉತ್ತರ ಬಹುಮಟ್ಟಿಗೆ ಶಿಫಾರಸಿನ ಕಾಗದದಲ್ಲಿ ಇರುತ್ತಿತ್ತು. ಬಲ್ಲವರೊಬ್ಬರು ಬರೆದುಕೊಟ್ಟ ನಾಲ್ಕು ಸಾಲುಗಳನ್ನು ಹಿಡಿದುಕೊಂಡು ಹೋದವನಿಗೆ ಕೆಲಸವಾಗುತ್ತಿತ್ತು. ಬಲ್ಲವರು ಯಾರೂ ಇಲ್ಲದ ಮನೆಯ ಹುಡುಗ ಎಷ್ಟೇ ಬುದ್ಧಿವಂತನಾಗಿರಲಿ, ಹೊರಗೇ ನಿಲ್ಲುತ್ತಿದ್ದನು. ವಿದ್ಯಾಸಂಸ್ಥೆಯೇ ತನ್ನ ವಿದ್ಯಾರ್ಥಿಗಳ ಪರವಾಗಿ ಬಲ್ಲವರ ಸ್ಥಾನದಲ್ಲಿ ನಿಲ್ಲಬೇಕೆಂಬ ಯೋಚನೆ ಹೊಸದೇನೂ ಅಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 1892ರಷ್ಟು ಹಿಂದೆಯೇ ಇದಕ್ಕಾಗಿ ಒಂದು ಸಮಿತಿ ಏರ್ಪಟ್ಟಿತು. ನಮ್ಮ ದೇಶದಲ್ಲಿ ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಹಿಂದಿರುಗಿದಾಗ, ಅವರಿಗೆ ಕೆಲಸ ದೊರಕಿಸುವುದಕ್ಕಾಗಿ 1945ರಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳು ಹುಟ್ಟಿದವು. ಕಾಲಕ್ರಮದಲ್ಲಿ ವಿಶ್ವವಿದ್ಯಾನಿಲಯಗಳೊಳಗೂ ಉದ್ಯೋಗದ ಮಾಹಿತಿ ಮಾರ್ಗದರ್ಶನಗಳಿಗಾಗಿ ಕಚೇರಿಗಳಾದವು. ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಅಂಥದೊಂದು ಆಯಿತು. ಈಗಂತೂ ಸಣ್ಣ ಊರಿನ ಕಾಲೇಜುಗಳಲ್ಲಿಯೂ ಪ್ಲೇಸ್‌ಮೆಂಟ್ ಎಂಬ ಹೆಸರಿನ ಫಲಕವನ್ನು ಹೊತ್ತ ಕೊಠಡಿಯೊಂದು ಕಾಣುತ್ತದೆ. ಇದು ಸಂತೋಷಪಡತಕ್ಕ ವಿಷಯವೇ ಸರಿ.

ಆದರೆ ಆ ಕೊಠಡಿಯಲ್ಲಿ ನಡೆಯುವುದೇನು? ನಮ್ಮ ನೆರೆಮನೆಯಲ್ಲಿ ದರ್ಜಿಯ ವೃತ್ತಿಯ ಒಬ್ಬ ಸದ್ಗೃಹಸ್ಥರಿದ್ದಾರೆ. ಅವರ ಮಗಳು ಬಿ.ಕಾಂ. ತರಗತಿಯ ಕೊನೆಯ ವರ್ಷದಲ್ಲಿದ್ದಾಗ, ಕಾಲೇಜಿನವರು ಐದು ದಿನಗಳ ತರಬೇತಿಯೊಂದನ್ನು ಏರ್ಪಡಿಸಿದ್ದರು. ಸಂದರ್ಶನಕ್ಕೆ ಹೋಗುವಾಗ ಎಂಥ ಉಡುಪು ತೊಡಬೇಕು, ಹೇಗೆ ಕುಳಿತುಕೊಳ್ಳಬೇಕು, ಎಷ್ಟು ನಗಬೇಕು, ತನ್ನನ್ನು ತಾನು ಒಂದು ನಿಮಿಷದಲ್ಲಿ ಹೇಗೆ ಪರಿಚಯಿಸಿಕೊಳ್ಳಬೇಕು, ಇವೆಲ್ಲವನ್ನೂ ಕಲಿಸಿದರು. ಹುಡುಗಿ ಆ ಒಂದು ನಿಮಿಷದ ಇಂಗ್ಲಿಷ್ ಭಾಷಣವನ್ನು ಮಂತ್ರದಂತೆ ಬಾಯಿಪಾಠ ಮಾಡಿ ನನ್ನ ಮುಂದೆಯೂ ಒಪ್ಪಿಸಿದಳು. ಸಂದರ್ಶನದ ದಿನ ತಂದೆಯೇ ಹೊಲಿದುಕೊಟ್ಟ ಹೊಸ ಉಡುಪನ್ನು ತೊಟ್ಟು ಹೋದಳು. ಸಂಜೆ ಬಂದು ಜಗುಲಿಯ ಮೇಲೆ ಸುಮ್ಮನೆ ಕುಳಿತುಬಿಟ್ಟಳು.

“ಏನಾಯಿತು, ಮಗು?” ಎಂದು ಕೇಳಿದೆ.

“ಪರಿಚಯ ಚೆನ್ನಾಗಿ ಹೇಳಿದೆ, ಮೇಷ್ಟ್ರೇ. ಆಮೇಲೆ ಅವರು, ‘ಇದುವರೆಗೆ ನೀವು ಕೈಯಾರ ಮಾಡಿರುವ ಒಂದು ಕೆಲಸವನ್ನು ಹೇಳಿ’ ಎಂದರು. ಓದಿದ್ದನ್ನು ಕೇಳಿದ್ದರೆ ಹೇಳುತ್ತಿದ್ದೆ. ಮಾಡಿದ್ದನ್ನು ಕೇಳಿಬಿಟ್ಟರು.”

ಆ ರಾತ್ರಿ ನನಗೆ ಸುಶ್ರುತನ ನೆನಪಾಯಿತು. ಆಯುರ್ವೇದದ ಶಸ್ತ್ರವೈದ್ಯಕ್ಕೆ ಮೂಲಗ್ರಂಥವಾದ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ಒಂಬತ್ತನೆಯದು ಯೋಗ್ಯಾಸೂತ್ರೀಯವೆಂಬ ಅಧ್ಯಾಯ. ಯೋಗ್ಯಾ ಎಂದರೆ ಕೈಯಿಂದ ಮಾಡಿ ಮಾಡಿ ಪಡೆಯತಕ್ಕ ಅಭ್ಯಾಸ. ಶಾಸ್ತ್ರವನ್ನು ಎಷ್ಟೇ ಕೇಳಿದವನಾದರೂ ಈ ಅಭ್ಯಾಸವಿಲ್ಲದವನು ಕರ್ಮಕ್ಕೆ ಅಯೋಗ್ಯನೆಂಬುದು ಆಚಾರ್ಯನ ಅಭಿಪ್ರಾಯ. ಇಷ್ಟನ್ನು ಹೇಳಿ ಆತನು ಸುಮ್ಮನಾಗಲಿಲ್ಲ. ಯಾವ ಕರ್ಮವನ್ನು ಯಾವುದರ ಮೇಲೆ ಅಭ್ಯಾಸ ಮಾಡಿಸಬೇಕೆಂಬುದನ್ನೂ ವಿವರಿಸಿದ್ದಾನೆ. ಛೇದನವನ್ನು ಸೋರೆ, ಸೌತೆ, ಕಲ್ಲಂಗಡಿ ಮೊದಲಾದ ಕಾಯಿಗಳ ಮೇಲೆ. ಭೇದನವನ್ನು ನೀರು ಕೆಸರು ತುಂಬಿದ ಚರ್ಮದ ಚೀಲಗಳ ಮೇಲೆ. ಸಿರೆಯನ್ನು ಚುಚ್ಚುವುದನ್ನು ನೈದಿಲೆಯ ದಂಟಿನ ಮೇಲೆ. ಹೊಲಿಗೆಯನ್ನು ಬಟ್ಟೆಯ ಮತ್ತು ಮೆದುಚರ್ಮದ ಅಂಚುಗಳ ಮೇಲೆ. ಕಟ್ಟು ಕಟ್ಟುವುದನ್ನು ಮನುಷ್ಯಾಕಾರದ ಬೊಂಬೆಯ ಅವಯವಗಳ ಮೇಲೆ. ಇಷ್ಟಾದ ಬಳಿಕ ತಾನೇ ಜೀವವಿರುವ ದೇಹ! ನಾವು ದಿನವೂ ಬಳಸುವ ‘ಯೋಗ್ಯತೆ’ ಎಂಬ ಶಬ್ದವು ಈ ಯೋಗ್ಯೆಯ ಸೋದರಶಬ್ದವೆಂಬುದನ್ನು ನಾವು ಮರೆತಿದ್ದೇವೆ. ಯೋಗ್ಯತೆಯೆಂದರೆ ಅಂಕಪಟ್ಟಿಯೆಂದು ತಿಳಿದಿದ್ದೇವೆ.

ಇದರ ಮುಂದಿನ, ಎಂದರೆ ಹತ್ತನೆಯ, ಅಧ್ಯಾಯದ ಹೆಸರು ಇನ್ನೂ ಸ್ವಾರಸ್ಯವಾಗಿದೆ: ವಿಶಿಖಾನುಪ್ರವೇಶನೀಯ. ವಿಶಿಖೆ ಎಂದರೆ ಬೀದಿ. ಕಲಿತು ಮುಗಿಸಿದವನು ವೃತ್ತಿಗಾಗಿ ಊರಿನ ಬೀದಿಯನ್ನು ಪ್ರವೇಶಿಸುವ ಕ್ರಮ ಅಲ್ಲಿದೆ. ಅದನ್ನು ಸಹಸ್ರಾರು ವರ್ಷಗಳ ಹಿಂದಿನ ಉದ್ಯೋಗ ಮಾರ್ಗದರ್ಶನವೆಂದರೆ ಸಲ್ಲುತ್ತದೆ. ಅಂಥವನು ಉಗುರು ಕತ್ತರಿಸಿಕೊಂಡಿರಬೇಕು, ಶುಭ್ರವಾದ ಬಿಳಿಯ ವಸ್ತ್ರವನ್ನು ಉಟ್ಟಿರಬೇಕು, ಕೊಡೆ ಕೋಲು ಪಾದರಕ್ಷೆಗಳಿರಬೇಕು, ವೇಷದಲ್ಲಿ ಆಡಂಬರವಿರಬಾರದು, ಮಾತು ಮಂಗಳಕರವಾಗಿರಬೇಕು, ಕಪಟವಿರಬಾರದು, ಎಲ್ಲ ಪ್ರಾಣಿಗಳಿಗೂ ಬಂಧುವಿನಂತಿರಬೇಕು ಎಂದು ವಿಧಿಸಿದೆ. ನಮ್ಮ ಕಾಲೇಜುಗಳ ಐದು ದಿನದ ತರಬೇತಿಯೂ ಬಹುಮಟ್ಟಿಗೆ ಇದೇ ಅಲ್ಲವೆ? ಆದರೆ ಕ್ರಮವನ್ನು ಗಮನಿಸಬೇಕು. ಉಗುರು ವಸ್ತ್ರಗಳ ಮಾತು ಬರುವುದಕ್ಕೆ ಮೊದಲೇ ಆಚಾರ್ಯನು ಬೇರೆ ಲಕ್ಷಣಗಳನ್ನು ಹೇಳಿಬಿಟ್ಟಿದ್ದಾನೆ: ಶಾಸ್ತ್ರವನ್ನು ಕಲಿತಿರಬೇಕು, ಅದರ ಅರ್ಥವನ್ನು ಮನನಮಾಡಿರಬೇಕು, ಇತರರು ಮಾಡುವ ಕರ್ಮವನ್ನು ಕಣ್ಣಾರೆ ಕಂಡಿರಬೇಕು, ತಾನೂ ಮಾಡಿ ಅಭ್ಯಾಸಪಟ್ಟಿರಬೇಕು, ರಾಜನ ಅನುಜ್ಞೆಯನ್ನು ಪಡೆದಿರಬೇಕು. ನಾವು ಕಲಿಕೆಯಿಂದ ನೆಟ್ಟಗೆ ಉಡುಪಿಗೆ ಹಾರಿದ್ದೇವೆ. ನಡುವಿನ ಕಾಣುವುದು ಮಾಡುವುದು ಎರಡೂ ಬಿಟ್ಟುಹೋಗಿವೆ.

ಬಿಟ್ಟುಹೋದುದನ್ನು ಮತ್ತೆ ಸೇರಿಸಿಕೊಂಡವರೂ ಇದ್ದಾರೆ. ಅಮೆರಿಕದ ಸಿನ್ಸಿನ್ಯಾಟಿ ವಿಶ್ವವಿದ್ಯಾನಿಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಅಧ್ಯಾಪಕರು 1906ರಲ್ಲಿ ಇಪ್ಪತ್ತೇಳು ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿಗಳೊಡನೆ ಒಂದು ಪ್ರಯೋಗವನ್ನು ಆರಂಭಿಸಿದರು. ಒಂದು ವಾರ ತರಗತಿ, ಒಂದು ವಾರ ಕಾರ್ಖಾನೆ. ಕಾರ್ಖಾನೆಯ ವಾರಕ್ಕೆ ಕೂಲಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯ 1957ರಲ್ಲಿ ಇದೇ ತತ್ತ್ವದ ಮೇಲೆಯೇ ಪ್ರಾರಂಭವಾಯಿತು. ನಮ್ಮ ದೇಶದಲ್ಲಿ ಪಿಲಾನಿಯ ಬಿರ್ಲಾ ಸಂಸ್ಥೆಯವರು 1973ರಲ್ಲಿ ಪ್ರಾಕ್ಟೀಸ್ ಸ್ಕೂಲ್ ಎಂಬ ಏರ್ಪಾಟನ್ನು ಮಾಡಿ, ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳೂ ಕೊನೆಯ ವರ್ಷದಲ್ಲಿ ಸುಮಾರು ಐದೂವರೆ ತಿಂಗಳೂ ಉದ್ಯಮಗಳಲ್ಲಿ ಕೆಲಸಮಾಡಿಸುವ ಪದ್ಧತಿಯನ್ನು ತಂದರು. ಅಲ್ಲಿ ಈ ಕೆಲಸವೂ ಪಾಠದ ಭಾಗವೇ. ಅಧ್ಯಾಪಕರ ಮೇಲ್ವಿಚಾರಣೆಯೂ ಮೌಲ್ಯನಿರ್ಣಯವೂ ಅದಕ್ಕುಂಟು. ವೈದ್ಯರಿಗೆ ಒಂದು ವರ್ಷ ಆಸ್ಪತ್ರೆಯ ಸೇವೆಯನ್ನೂ, ಬಿ.ಎಡ್. ವಿದ್ಯಾರ್ಥಿಗಳಿಗೆ ಶಾಲೆಗಳಲ್ಲಿ ಪಾಠಮಾಡುವ ಅಭ್ಯಾಸವನ್ನೂ ಕಡ್ಡಾಯಮಾಡಿದ ನಾವು, ಬಿ.ಎ., ಬಿ.ಕಾಂ. ಓದುವ ಲಕ್ಷಾಂತರ ಮಕ್ಕಳಿಗೆ ಮಾತ್ರ ಇದು ಬೇಡವೆಂದು ಬಹುಕಾಲ ಭಾವಿಸಿದ್ದೇಕೋ ತಿಳಿಯದು.

ನೆರೆಮನೆಯ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ಪುಣ್ಯಕ್ಕೆ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕಿ, ಅವಳ ಸೋಲಿನ ಕಾರಣವನ್ನು ಕೇಳಿ ತಿಳಿದು, ಸಮೀಪದ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಎರಡು ತಿಂಗಳು ಲೆಕ್ಕದ ಕೆಲಸವನ್ನು ನೋಡಿ ಕಲಿಯುವುದಕ್ಕೆ ಏರ್ಪಾಟು ಮಾಡಿದರು. ಬೆಳಗಿನ ಜಾವದ ಬಸ್ಸಿಗೆ ಹೋಗಬೇಕು. ಹಾಲು ತಂದವರ ಹೆಸರು, ಅಳತೆ, ಜಿಡ್ಡಿನಂಶ, ದರ, ಬಟವಾಡೆ, ಇವನ್ನೆಲ್ಲ ಒಂದಕ್ಕೊಂದು ತಾಳೆ ನೋಡಬೇಕು. ಮೂರು ವರ್ಷ ಕೀರ್ದಿ ಖಾತೆಗಳನ್ನು ಓದಿ ತಾಳೆಪಟ್ಟಿ ಬರೆದು ಅಂಕಗಳನ್ನು ಪಡೆದಿದ್ದ ಹುಡುಗಿಗೆ ಮೊದಲ ವಾರ ಏನೂ ಹೊಂದಲಿಲ್ಲ. ಪುಸ್ತಕದ ಲೆಕ್ಕದಲ್ಲಿ ಎಲ್ಲವೂ ಕೊನೆಗೆ ಸರಿಹೋಗುವಂತೆ ಮೊದಲೇ ಹೊಂದಿಸಿರುತ್ತಾರೆ. ಲೋಕದ ಲೆಕ್ಕಕ್ಕೆ ಅಂಥ ದಾಕ್ಷಿಣ್ಯವಿಲ್ಲ.

ಒಂದು ದಿನ ಒಬ್ಬ ಮುದುಕಿ ಬಂದು, “ನನ್ನ ಹಾಲಿನ ದುಡ್ಡು ಈ ಸಲ ಯಾಕವ್ವ ಕಮ್ಮಿ ಬಂತು?” ಎಂದು ಕೇಳಿದಳಂತೆ. ಹುಡುಗಿ ಎರಡು ದಿನ ಪುಸ್ತಕಗಳನ್ನು ತಿರುವಿದಳು. ಒಂದೇ ಹೆಸರಿನ ಇಬ್ಬರು ಸದಸ್ಯರಿದ್ದರು. ಒಬ್ಬಳ ಒಂದು ವಾರದ ಹಾಲು ಇನ್ನೊಬ್ಬಳ ಖಾತೆಗೆ ಸೇರಿಹೋಗಿತ್ತು. ಸಂಘದ ಕಾರ್ಯದರ್ಶಿಗಳು ಅದನ್ನು ಸರಿಪಡಿಸಿದರು. ಬಿಟ್ಟುಹೋದ ಹಣ ಬಹಳವೇನೂ ಅಲ್ಲ. ಆದರೆ ಒಂದೇ ಹಸುವಿನ ಮೇಲೆ ಬದುಕುವ ಸಂಸಾರಕ್ಕೆ ಅದೂ ಹಣವೇ. “ಮೇಷ್ಟ್ರೇ, ಲೆಕ್ಕ ತಪ್ಪಿದರೆ ಅಂಕ ಹೋಗುತ್ತದೆ ಎಂದು ತಿಳಿದಿದ್ದೆ. ಒಬ್ಬರ ಮನೆಯ ಅಕ್ಕಿ ಹೋಗುತ್ತದೆ ಎಂದು ತಿಳಿದಿರಲಿಲ್ಲ” ಎಂದಳು. ಈ ಒಂದು ಮಾತನ್ನು ಕಲಿಸುವುದು ನನ್ನಂಥ ಉಪಾಧ್ಯಾಯನಿಗೆ ನಾಲ್ಕು ಗೋಡೆಗಳ ನಡುವೆ ಸಾಧ್ಯವಿರಲಿಲ್ಲ. ಮುಂದಿನ ಸಂದರ್ಶನದಲ್ಲಿ ಅವಳಿಗೆ ಹೇಳುವುದಕ್ಕೆ ಒಂದು ಕೆಲಸವಿತ್ತು. ಈಗ ಅವಳು ಪಟ್ಟಣದ ಲೆಕ್ಕಪರಿಶೋಧಕರೊಬ್ಬರಲ್ಲಿ ಕೆಲಸಮಾಡುತ್ತಾಳೆ. ಸಂಬಳ ಸಣ್ಣದು, ಮುಖದಲ್ಲಿ ಧೈರ್ಯ ದೊಡ್ಡದು.

ಇಲ್ಲಿ ಹಿರಿಯ ಮಿತ್ರರು ಕೆಲವರು ಒಂದು ಆಕ್ಷೇಪಣೆಯನ್ನು ಎತ್ತುತ್ತಾರೆ. ವಿಶ್ವವಿದ್ಯಾನಿಲಯವು ನೌಕರರನ್ನು ತಯಾರಿಸುವ ಕಾರ್ಖಾನೆಯೇ? ಕಾವ್ಯ, ದರ್ಶನ, ಇತಿಹಾಸಗಳ ಗತಿಯೇನು? ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು. ವಿದ್ಯೆಯ ಬೆಲೆ ಸಂಬಳದಿಂದ ತೀರ್ಮಾನವಾಗತಕ್ಕದ್ದಲ್ಲ. ಆದರೆ ಕೈಗೆ ಕೆಲಸ ಬಂದ ಮಾತ್ರಕ್ಕೆ ವಿದ್ಯೆ ಕೀಳಾಗುತ್ತದೆಂಬುದನ್ನು ನಾನು ಒಪ್ಪಲಾರೆ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಮೇಲೆಂಬ ವಿವಾದ ಬಂದಾಗ, ವಾದದಿಂದ ಅದು ತೀರಲಿಲ್ಲ. ಶಿಷ್ಯೆಯ ಪ್ರಯೋಗವನ್ನು ನೋಡಬೇಕಾಯಿತು. ಸಂಸ್ಕೃತದಂಥ ಶಾಸ್ತ್ರಕ್ಕೂ ಪ್ರಯೋಗಕ್ಷೇತ್ರವುಂಟು. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಓರಿಯೆಂಟಲ್ ಲೈಬ್ರರಿಯ ಹಸ್ತಪ್ರತಿಗಳ ನಡುವೆ ಕುಳಿತು ಕೆಲಸಮಾಡುತ್ತಿದ್ದುದರಿಂದಲೇ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿ ಸಿಕ್ಕಿ, 1909ರಲ್ಲಿ ಅದು ಲೋಕಕ್ಕೆ ಮುದ್ರಿತವಾಗಿ ದೊರೆಯಿತು. ಸಂಸ್ಕೃತದ ವಿದ್ಯಾರ್ಥಿ ಒಂದು ಬೇಸಿಗೆ ಗ್ರಂಥ, ನಂದಿನಾಗರಿ ಲಿಪಿಗಳನ್ನು ಕಲಿತು ತಾಳೆಗರಿಗಳ ಪಟ್ಟಿ ಮಾಡಲಿ. ಕನ್ನಡದ ವಿದ್ಯಾರ್ಥಿ ಮುದ್ರಣಾಲಯದಲ್ಲಿ ಕರಡು ತಿದ್ದಲಿ. ಇತಿಹಾಸದವನು ತನ್ನ ಹೋಬಳಿಯ ಶಾಸನಗಳನ್ನು ಗುರುತಿಸಿ ಬರೆದಿಡಲಿ. ಇವರ ಜ್ಞಾನ ಇದರಿಂದ ಬೆಳೆಯುತ್ತದೆಯೇ ಹೊರತು ಕುಗ್ಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಇಂಟರ್ನ್‌ಷಿಪ್ ಎಂಬ ಹೆಸರಿನಲ್ಲಿ ಮಕ್ಕಳಿಂದ ಚಹ ತರಿಸಿ, ಕಾಗದಗಳ ನಕಲು ತೆಗೆಸಿ, ಕೊನೆಗೆ ಒಂದು ಪ್ರಮಾಣಪತ್ರವನ್ನು ಕೊಟ್ಟು ಕಳುಹಿಸುವವರುಂಟು. ದುಡ್ಡು ಪಡೆದು ಪ್ರಮಾಣಪತ್ರವನ್ನು ಮಾತ್ರ ಕೊಡುವವರೂ ಉಂಟು. ಯಾರು ಏನನ್ನು ಕಲಿಸುತ್ತಾರೆ, ಯಾರು ನೋಡಿ ತಿದ್ದುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಕಡೆಗೆ ಮಕ್ಕಳನ್ನು ಕಳುಹಿಸಬಾರದು. ಇನ್ನೊಂದು ತೊಡಕು ಬಡವರದು. ಸಂಬಳವಿಲ್ಲದೆ ಎರಡು ತಿಂಗಳು ಬೆಂಗಳೂರಿನಲ್ಲಿ ಇದ್ದು ಕಲಿಯುವುದು ಉಳ್ಳವರ ಮಕ್ಕಳಿಗೆ ಮಾತ್ರ ಸಾಧ್ಯ. ಹೀಗಾದರೆ ಹಳೆಯ ಶಿಫಾರಸಿನ ಕಾಗದವೇ ಹೊಸ ವೇಷದಲ್ಲಿ ಬಂದಂತಾಯಿತು. 1961ರ ಶಿಶಿಕ್ಷು ಕಾಯಿದೆಯು ಕೆಲಸ ಕಲಿಯುವವನಿಗೆ ಭತ್ಯೆ ಸಲ್ಲಬೇಕೆಂದು ವಿಧಿಸಿತು. 2014ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಓದದ ಪದವೀಧರರಿಗೂ ಅದರೊಳಗೆ ಅವಕಾಶವಾಯಿತು. ಈ ವಿಷಯವನ್ನು ಪ್ರತಿಯೊಬ್ಬ ವಿದ್ಯಾರ್ಥಿಯ ಕಿವಿಗೂ ಮುಟ್ಟಿಸುವುದು ಕಾಲೇಜಿನ ಆ ಕೊಠಡಿಯ ಮೊದಲ ಕೆಲಸಗಳಲ್ಲಿ ಒಂದಾಗಬೇಕು.

ಆ ಕೊಠಡಿಯ ಬಾಗಿಲು ಕೊನೆಯ ವರ್ಷದಲ್ಲಿ ತೆರೆದರೆ ಸಾಲದು. ಹುಡುಗನು ಕಾಲೇಜಿಗೆ ಸೇರಿದ ವರ್ಷವೇ ತೆರೆಯಬೇಕು. ಮೊದಲ ವರ್ಷ ನಾಲ್ಕಾರು ವೃತ್ತಿಗಳನ್ನು ಕಣ್ಣಾರೆ ಕಾಣಿಸಿ, ಎರಡನೆಯ ವರ್ಷ ಒಂದರಲ್ಲಿ ಕೈಯಾಡಿಸಿ, ಮಾಡಿದ್ದನ್ನು ಬರೆಯಿಸಿ, ಬರೆದುದನ್ನು ಅಧ್ಯಾಪಕರು ತಿದ್ದಿ, ಆಮೇಲೆ ಉಡುಪಿನ ಮಾತು, ನಗೆಯ ಮಾತು. ಇದಕ್ಕೆ ದೊಡ್ಡ ಕಂಪೆನಿಗಳೇ ಬರಬೇಕೆಂದಿಲ್ಲ. ಪ್ರತಿಯೊಂದು ಊರಿನಲ್ಲಿಯೂ ಸಹಕಾರ ಸಂಘ, ಪಂಚಾಯಿತಿ, ಔಷಧಿಯ ಅಂಗಡಿ, ಮುದ್ರಣಾಲಯ, ವಕೀಲರ ಕಚೇರಿ ಇದ್ದೇ ಇರುತ್ತವೆ. ಅವುಗಳ ಯಜಮಾನರು ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ ಎರಡು ತಿಂಗಳ ಜಾಗವನ್ನೂ ದಾರಿಖರ್ಚನ್ನೂ ಕೊಟ್ಟರೆ, ಅದು ಅನ್ನದಾನಕ್ಕೆ ಸಮನಾದ ದಾನ.

ತಂದೆತಾಯಿಗಳಲ್ಲಿಯೂ ನನ್ನ ವಿಜ್ಞಾಪನೆ ಒಂದಿದೆ. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವಾಗ ಕಟ್ಟಡವೆಷ್ಟು ದೊಡ್ಡದು, ಶುಲ್ಕವೆಷ್ಟು, ಎಷ್ಟು ಮಂದಿಗೆ ನೌಕರಿಯಾಯಿತು ಎಂದು ವಿಚಾರಿಸುತ್ತೀರಿ. ಅದರ ಜೊತೆಗೆ, “ನಮ್ಮ ಮಗುವಿನ ಕೈಯಲ್ಲಿ ಇಲ್ಲಿ ಏನು ಮಾಡಿಸುತ್ತೀರಿ?” ಎಂಬ ಒಂದು ಪ್ರಶ್ನೆಯನ್ನೂ ಕೇಳಿರಿ. ಕೇಳುವವರು ಹೆಚ್ಚಿದಂತೆ ಮಾಡಿಸುವವರೂ ಹೆಚ್ಚುತ್ತಾರೆ.